ಮುಂದಿನ ಗ್ಲಾಸ್ ಬದಲಾಯಿಸಿದ್ಮೇಲೆ ಎಡಾಸ್ ಕ್ಯಾಮೆರಾ ಕ್ಯಾಲಿಬ್ರೇಷನ್ ಬೇಕಾ? ನಮ್ಮ ಅನುಭವ

ಹೆಬ್ಬಾಳದ ಹತ್ರ ಟಿಪ್ಪರಿಂದ ಕಲ್ಲು ಹಾರಿ ಗ್ಲಾಸ್ ಸೀಳ್ತು, ಗ್ಲಾಸ್ ಹಾಕೋವ್ರು ಕ್ಯಾಲಿಬ್ರೇಷನ್ ಏನೂ ಬೇಡ ಅಂತಿದಾರೆ, ಏನ್ಮಾಡ್ಲಿ ಅಂತ ಕೇಳಿದೀರಲ್ಲ ಸರ್, ದಯವಿಟ್ಟು ಮಾಡಿಸಿ. ಎಡಾಸ್ ಅಂದ್ರೆ ಕ್ಯಾಮೆರಾ ನೋಡ್ಕೊಂಡು ಕಾರ್ ತಾನೇ ಲೇನಲ್ಲಿ ಇರೋಕೆ, ಬ್ರೇಕ್ ಹಾಕೋಕೆ ಸಹಾಯ ಮಾಡೋ ವ್ಯವಸ್ಥೆ, ಕ್ಯಾಲಿಬ್ರೇಷನ್ ಅಂದ್ರೆ ಆ ಕ್ಯಾಮೆರಾ ನೋಟಾನ ಸರಿಯಾಗಿ ಹೊಂದಿಸೋದು. ವಾರ್ನಿಂಗ್ ಲೈಟ್ ಬಂದಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ.

ನಮ್ಮ ಭಾವನ ಕಾರಲ್ಲಿ ಹೀಗೇ ಆಗಿತ್ತು. ಹೊರಗಡೆ ಗ್ಲಾಸ್ ಹಾಕಿಸಿದ್ರು, ಡ್ಯಾಶ್‌ಬೋರ್ಡಲ್ಲಿ ಒಂದು ಲೈಟೂ ಇಲ್ಲ, ಆದ್ರೆ ನೈಸ್ ರೋಡಲ್ಲಿ ಲೇನ್ ಮಧ್ಯದಲ್ಲೇ ಹೋಗ್ತಿದ್ರೂ ಸ್ಟೀರಿಂಗ್ ಎಡಕ್ಕೆ ಎಳೀತಿತ್ತು, ಆಮೇಲೆ ಸರ್ವಿಸ್ ಸೆಂಟರಲ್ಲಿ ಕ್ಯಾಲಿಬ್ರೇಟ್ ಮಾಡಿಸಿದ್ಮೇಲೇ ಸರಿಹೋಗಿದ್ದು. ಕ್ಯಾಮೆರಾ ಇರೋದು ಒಳಗಿನ ಮಿರರ್ ಹಿಂದೆ, ಗ್ಲಾಸಿಗೇ ಅಂಟಿರೋ ಬ್ರಾಕೆಟಲ್ಲಿ, ಗ್ಲಾಸ್ ಬದಲಾದ್ರೆ ಅದು ನೋಡೋ ಕೋನಾನೂ ಬದಲಾಗ್ಬೋದು. ಬರೀ 1 ಡಿಗ್ರಿ ಆಚೀಚೆ ಆದ್ರೂ 100 ಮೀಟರ್ ದೂರದಲ್ಲಿ ಸುಮಾರು 1.75 ಮೀಟರ್ ವ್ಯತ್ಯಾಸ ಬರತ್ತೆ, ನಮ್ಮ ಹೈವೇ ಲೇನ್ ಅಗಲಾನೇ 3.5 ಮೀಟರ್, ಅರ್ಧ ಲೇನೇ ಹೋಯ್ತಲ್ಲ! ಪಕ್ಕದ ಲೇನಿನ ಲಾರಿ ಮುಂದೆ ಇದೆ ಅಂದ್ಕೊಂಡು ಸುಮ್ಸುಮ್ನೆ ಬ್ರೇಕ್ ಹಾಕ್ಬೋದು, ಇಲ್ಲಾ ನಿಜವಾಗ್ಲೂ ಮುಂದಿರೋ ಸ್ಕೂಟರ್ ಅದಕ್ಕೆ ತಡವಾಗಿ ಕಾಣ್ಬೋದು, ನನಗೆ ಭಯ ಇರೋದು ಈ ಎರಡನೇದು.

ಕ್ಯಾಲಿಬ್ರೇಷನಲ್ಲಿ ಎರಡು ಥರ ಇದೆ. ಸ್ಟ್ಯಾಟಿಕ್ ಅಂದ್ರೆ ಸಮತಟ್ಟಾದ ನೆಲದಲ್ಲಿ ಕಾರ್ ನಿಲ್ಸಿ, ಮುಂದೆ ಅಳತೆ ಹಿಡಿದು ಗುರುತಿನ ಬೋರ್ಡ್ ಇಟ್ಟು ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸೋ ಮಶೀನು) ಹಾಕಿ ಮಾಡೋದು, ಇದಕ್ಕೆ ಜಾಗ ಬೇಕು, ಬೆಳಕು ಸರಿಯಾಗಿರ್ಬೇಕು, ಇಕ್ಕಟ್ಟಾದ ಶೆಡ್ಡಲ್ಲಿ ಆಗಲ್ಲ. ಡೈನಾಮಿಕ್ ಅಂದ್ರೆ ಸ್ಕ್ಯಾನರ್ ಹಾಕ್ಕೊಂಡೇ ರೋಡಲ್ಲಿ ಓಡಿಸೋದು, ಲೇನ್ ಗೆರೆ ಚೆನ್ನಾಗಿ ಕಾಣ್ಬೇಕು, ಒಂದೇ ಸ್ಪೀಡಲ್ಲಿ ಹೋಗೋಕಾಗ್ಬೇಕು, ಸಿಲ್ಕ್ ಬೋರ್ಡಲ್ಲಿ ಎಲ್ಲಿ ಸಾಧ್ಯ ಹೇಳಿ, ಬೆಳಿಗ್ಗೆ ಬೇಗ ಏರ್‌ಪೋರ್ಟ್ ರೋಡ್ ಕಡೆ ಹೋಗೋದು ವಾಸಿ. ನಿಮ್ಮ ಮಾಡೆಲಿಗೆ ಯಾವುದು ಅನ್ನೋದು ಕಂಪನಿ ಮ್ಯಾನ್ಯುಯಲ್ ಪ್ರಕಾರ, ಕೆಲವಕ್ಕೆ ಎರಡೂ ಬೇಕು. ಹೋಗೋ ಮುಂಚೆ ಟೈರಲ್ಲಿ ಗಾಳಿ ಸರಿ ಮಾಡ್ಸಿ, ಡಿಕ್ಕೀಲಿರೋ ಲಗೇಜ್ ತೆಗೀರಿ, ವೀಲ್ ಅಲೈನ್‌ಮೆಂಟ್ ಬಾಕಿ ಇದ್ರೆ ಮೊದ್ಲು ಅದನ್ನ ಮಾಡ್ಸಿ.

ಗ್ಲಾಸ್ ತಗೊಳ್ಳೋವಾಗ ಕ್ಯಾಮೆರಾ ಇರೋ ವೇರಿಯಂಟಿನದೇ ಅಂತ ಪಾರ್ಟ್ ನಂಬರ್ ನೋಡ್ಕೊಳ್ಳಿ. ಇನ್ಶೂರೆನ್ಸ್ ಕ್ಲೇಮ್ ಆದ್ರೆ ಎಸ್ಟಿಮೇಟಲ್ಲಿ ಕ್ಯಾಲಿಬ್ರೇಷನ್ ಚಾರ್ಜ್ ಬೇರೆ ಲೈನಾಗಿ ಹಾಕ್ಸಿ, ಸರ್ವೇಯರ್‌ಗೆ ಮೊದ್ಲೇ ತೋರ್ಸಿ. ಕೆಲಸ ಮುಗಿದ್ಮೇಲೆ ಸ್ಕ್ಯಾನರ್ ರಿಪೋರ್ಟ್ ಕೇಳಿ ಇಸ್ಕೊಳ್ಳಿ. ಅಲ್ಲೀವರೆಗೂ ಲೇನ್ ಅಸಿಸ್ಟು, ಅಡಾಪ್ಟಿವ್ ಕ್ರೂಸು (ಮುಂದಿನ ಗಾಡಿ ನೋಡ್ಕೊಂಡು ಸ್ಪೀಡ್ ತಾನೇ ಹೊಂದಿಸೋದು) ಆಫ್ ಮಾಡಿಟ್ಟೇ ಓಡ್ಸಿ, ಸರಿ ಇದೆಯಾ ನೋಡೋಣ ಅಂತ ಯಾರನ್ನಾದ್ರೂ ಮುಂದೆ ನಿಲ್ಸಿ ಬ್ರೇಕ್ ಟೆಸ್ಟ್ ಮಾತ್ರ ಮಾಡ್ಬೇಡಿ.

ಹಾಂ, ಹಳೇ ಗ್ಲಾಸ್ ಜೊತೆ ಫಾಸ್ಟ್ಯಾಗೂ ಹೋಗತ್ತೆ, ಬ್ಯಾಂಕಿಗೆ ಹೇಳಿ ಹೊಸದು ತರಿಸ್ಕೊಳ್ಳಿ. ಕಾರ್ ಯಾವ್ದು, ಯಾವ ವರ್ಷದ್ದು ಅಂತ ಹೇಳಿ ಸರ್, ಅದೇ ಮಾಡೆಲ್ ಇರೋವ್ರು ಎಲ್ಲಿ ಮಾಡ್ಸಿದ್ರಿ, ಎಷ್ಟಾಯ್ತು ಅಂತ ಇಲ್ಲೇ ಹಾಕಿ.