ಪೊಟ್ಯಾಸಿಯಂ ದಾಟಿತು, ಸೋಡಿಯಂ ಯಾಕೆ ಹಿಂದೆ ಉಳಿಯಿತು?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ): ನಮಸ್ಕಾರ ಮೇಡಂ. ಲ್ಯಾಬಿನಲ್ಲಿ ಯು ಆಕಾರದ ಗಾಜಿನ ಕೊಳವೆ ಇಟ್ಟು ಒಂದು ಪ್ರಯೋಗ ಮಾಡಿದೆವು. ತಳದಲ್ಲಿ ಡೈಬೆಂಜೋ-18-ಕ್ರೌನ್-6 (ಒಂದು ಕ್ರೌನ್ ಈಥರ್) ಕರಗಿಸಿದ ಕ್ಲೋರೋಫಾರ್ಮ್. ಅದೇ ನಮ್ಮ ಪೊರೆ. ಒಂದು ಕಡೆ ಪಿಕ್ರೇಟ್ ಎಂಬ ಹಳದಿ ಲವಣದ ನೀರು, ಇನ್ನೊಂದು ಕಡೆ ಬರೀ ನೀರು. ಪೊಟ್ಯಾಸಿಯಂ ಪಿಕ್ರೇಟ್ ಹಾಕಿದಾಗ ಆಚೆ ನೀರು ಚೆನ್ನಾಗಿ ಹಳದಿಯಾಯಿತು. ಸೋಡಿಯಂ ಪಿಕ್ರೇಟ್ ಹಾಕಿದರೆ ಬಣ್ಣ ತುಂಬಾ ಕಡಿಮೆ. ಸೋಡಿಯಂ ಚಿಕ್ಕದು ಅಲ್ವಾ? ಅದೇ ಸುಲಭವಾಗಿ ದಾಟಬೇಕಿತ್ತು.

ಉತ್ತರ: ಚಿಕ್ಕದು ಬೇಗ ನುಸುಳುತ್ತದೆ ಅನ್ನುವುದು ಜರಡಿಯ ಲೆಕ್ಕ. ನಿಮ್ಮ ಕೊಳವೆಯಲ್ಲಿ ಜರಡಿ ಇಲ್ಲ, ಹರಿಗೋಲು ಇದೆ. ಕ್ರೌನ್ ಈಥರೇ ಆ ಹರಿಗೋಲು, ಅಂದರೆ ವಾಹಕ. ಅದು ಉಂಗುರದಂಥ ದುಂಡಗಿನ ಅಣು. ಅದರ ಆರು ಆಮ್ಲಜನಕಗಳು ನಡುವಿನ ಅಯಾನನ್ನು (ಆವೇಶ ಹೊತ್ತ ಕಣವನ್ನು) ಹಿಡಿಯುತ್ತವೆ. ಆ ಜಾಗದ ಅಗಲ ಸುಮಾರು 2.6ರಿಂದ 3.2 ಆಂಗ್‌ಸ್ಟ್ರಾಂ (ಅಣುಗಳನ್ನು ಅಳೆಯುವ ಮಾನ), ಪೊಟ್ಯಾಸಿಯಂ ಸುಮಾರು 2.7, ಸೋಡಿಯಂ ಸುಮಾರು 2. ಅಂದರೆ ಪೊಟ್ಯಾಸಿಯಂ ಸರಿಯಾಗಿ ಕೂರುತ್ತದೆ, ಸೋಡಿಯಂ ಸಡಿಲ.

ಅನೇಕರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಅದು ಅರ್ಧ ಉತ್ತರ. ನೀರೇ ಇಲ್ಲದ ಅನಿಲ ಸ್ಥಿತಿಯಲ್ಲಿ ನಿಮ್ಮ ವಾಹಕದ ಸರಳ ರೂಪವಾದ 18-ಕ್ರೌನ್-6 ಸೋಡಿಯಂ ಅನ್ನೇ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ! ಹಾಗಾಗಿ ನೀರನ್ನು ಮರೆಯಬೇಡಿ. ಅಯಾನಿನ ಸುತ್ತ ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ. ಅವನ್ನು ಪೂರ್ತಿ ಕಳಚಲು ಸೋಡಿಯಂಗೆ ಮೋಲ್‌ಗೆ ಸುಮಾರು 400 ಕಿಲೋಜೂಲ್ ಬೇಕು, ಪೊಟ್ಯಾಸಿಯಂಗೆ ಸುಮಾರು 320 ಸಾಕು. ಸೋಡಿಯಂ ಕಳೆದುಕೊಳ್ಳುವುದನ್ನು ಆ ಆರು ಆಮ್ಲಜನಕಗಳು ತುಂಬಿಕೊಡಲಾರವು. ಪೊಟ್ಯಾಸಿಯಂಗೆ ಲೆಕ್ಕ ಸರಿಹೋಗುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಪೊಟ್ಯಾಸಿಯಂ ಕ್ಲೋರೈಡ್ ಕೂಡ ಹಾಕಿ ನೋಡಿದೆವು. ಕ್ಲೋರೈಡ್ ದಾಟಿದೆಯಾ ನೋಡಲು ಆಚೆ ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟರೂ ಬಿಳಿ ಬರಲೇ ಇಲ್ಲ. ಪೊಟ್ಯಾಸಿಯಂ ಅದೇ, ವಾಹಕವೂ ಅದೇ.

ಉತ್ತರ: ಒಳ್ಳೆಯದನ್ನು ಗಮನಿಸಿದ್ದೀರಿ. ಧನ ಅಯಾನು ಒಂಟಿಯಾಗಿ ದಾಟುವುದಿಲ್ಲ, ಜೊತೆಗೆ ಋಣ ಅಯಾನೂ ಹೋಗಬೇಕು. ಕ್ಲೋರೈಡ್‌ಗೆ ನೀರಿನ ಮೇಲೆ ಮೋಹ ಜಾಸ್ತಿ, ಕ್ಲೋರೋಫಾರ್ಮ್‌ಗೆ ಇಳಿಯಲು ಒಪ್ಪುವುದಿಲ್ಲ. ಪಿಕ್ರೇಟ್ ದೊಡ್ಡದು, ಅದರ ಆವೇಶ ಹರಡಿಕೊಂಡಿದೆ, ಅದಕ್ಕೇ ಸಲೀಸಾಗಿ ಹೋಗುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಾದರೆ ಇನ್ನೂ ಗಟ್ಟಿಯಾಗಿ ಹಿಡಿಯುವ ವಾಹಕ ಹಾಕಿದರೆ ಇನ್ನೂ ಬೇಗ ದಾಟುತ್ತದಾ ಮೇಡಂ?

ಉತ್ತರ: ಇಲ್ಲ ಸರ್. ಆಚೆ ದಡದಲ್ಲಿ ಇಳಿಸಲೂ ಬೇಕಲ್ಲ! ರಸಾಯನಶಾಸ್ತ್ರಜ್ಞ ಲೆನ್ ಅವರ ತಂಡ 1970ರ ದಶಕದಲ್ಲಿ ಇದನ್ನೇ ತೋರಿಸಿತು. 2.2.2 ಕ್ರಿಪ್ಟಾಂಡ್ ಎಂಬ ಪಂಜರದಂಥ ಅಣು ಪೊಟ್ಯಾಸಿಯಂ ಅನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂದರೆ ಸಾಗಣೆಯೇ ನಿಧಾನವಾಗುತ್ತದೆ. ಸ್ವಲ್ಪ ಸಡಿಲವಾಗಿ ಹಿಡಿಯುವ ಅದರ ಸೋದರ ಅಣುಗಳು ಹೆಚ್ಚು ಸಾಗಿಸುತ್ತವೆ. ಕ್ರೌನ್ ಈಥರ್ ಕಂಡುಹಿಡಿದವರು ಪೆಡರ್ಸನ್. ಅವರು, ಕ್ರಾಮ್ ಮತ್ತು ಲೆನ್ 1987ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ವಿದ್ಯಾರ್ಥಿನಿಗೆ ಒಂದು ಮಾತು. ಪಿಕ್ರೇಟ್ ಒಣಗಿದರೆ ಸ್ಫೋಟವಾಗಬಹುದು. ಚೆಲ್ಲಿದ್ದನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ, ಬಾಟಲಿಯ ಮುಚ್ಚಳದ ಬಾಯಲ್ಲಿ ಹರಳು ಕಟ್ಟಿದ್ದರೆ ತಿರುಗಿಸಲೇಬೇಡಿ, ಮೇಷ್ಟ್ರನ್ನು ಕರೆಯಿರಿ.