ಪಿಂಗಾಣಿ ಮಸಿದೌತಿ: ಗಟ್ಟಿಯಾದ ಮಸಿ ತೆಗೆಯೋದು ಹೆಂಗ?

ಹಳೇಹುಬ್ಬಳ್ಳಿ:
ದುರ್ಗದಬೈಲ್ ಕಡೆ ಒಂದು ಹಳೆ ಮಸಿದೌತಿ ಸಿಕ್ಕೈತಿ. ಹಸಿರು ಮೆರುಗು, ಬಂಗಾರದ ಗೆರೆ, ಹಿತ್ತಾಳೆ ಮುಚ್ಚಳ. ತಳದಾಗ ‘ಮೇಡ್ ಇನ್ ಚೆಕೊಸ್ಲೊವಾಕಿಯಾ’ ಮುದ್ರೆ. ಮಾರಿದವರು 1905ರದ್ದು ಅಂದ್ರು. ಒಳಗ ಮಸಿ ಗಟ್ಟಿಯಾಗಿ ಕುಂತೈತಿ, ಮೆರುಗಿನ ಸಣ್ಣ ಬಿರುಕಿನ್ಯಾಗೂ ಇಳದೈತಿ. ಬ್ಲೀಚಿಂಗ್ ಪೌಡರಿನ್ಯಾಗ ನೆನೆ ಹಾಕಲೇನ್ರಿ?

ಟಾಕು_ಧಾರವಾಡ:
ಬ್ಲೀಚಿಂಗ್ ಬ್ಯಾಡೇ ಬ್ಯಾಡ್ರಿ. ಅದರ ಉಪ್ಪು ಬಿರುಕಿನ್ಯಾಗ ಉಳದು ಹರಳುಗಟ್ಟಿದ್ರ ಮೆರುಗು ಚಕ್ಕಿ ಚಕ್ಕಿಯಾಗಿ ಏಳ್ತದ.

ತಳದ ಮೆರುಗಿಲ್ಲದ ಅಂಚಿಗೆ ಒಂದು ಹನಿ ನೀರು ಬಿಡ್ರಿ. ಹೀರಿಕೊಂಡ್ರ ಮಣ್ಣು ಕಡಿಮೆ ಬೆಂದದ್ದು, ಮಸಿ ಆಳಕ್ಕ ಇಳದಿರ್ತದ. ಹನಿ ಹಂಗೇ ನಿಂತ್ರ ಕೆಲಸ ಹಗುರ.

ಇಡೀ ದೌತಿ ಮುಳುಗಿಸಬ್ಯಾಡ್ರಿ. ಮುಚ್ಚಳದ ಹಿತ್ತಾಳೆ ಬಳೆಯನ್ನ ಹೆಚ್ಚಾಗಿ ಪ್ಲಾಸ್ಟರ್ ಹಾಕಿ ಕೂಡಿಸಿರ್ತಾರ, ನೆನದ್ರ ಸಡಿಲಾಗ್ತದ. ಒಳಬಟ್ಟಲು ಬ್ಯಾರೆ ಬಂದ್ರ ಅದನ್ನಷ್ಟ ನೆನಸ್ರಿ. ಇಲ್ಲಂದ್ರ ಬಳೆಗಿಂತ ಕೆಳಗ ನಿಲ್ಲೋಹಂಗ ಡಿಸ್ಟಿಲ್ಡ್ ವಾಟರ್ ತುಂಬಿ ಒಂದು ದಿನ ಬಿಟ್ಟು ಚೆಲ್ರಿ. ನೀರು ತಿಳಿಯಾಗೋಮಟ ಇದನ್ನೇ ಮಾಡ್ರಿ. ಬೋರ್‌ವೆಲ್ ನೀರಿನ ಸುಣ್ಣ ಕೂಡ್ತದ, ಅದು ಬ್ಯಾಡ. ಮೆತ್ತಗಾದ ಮಸಿ ತೆಗೀಲಿಕ್ಕೆ ಬಿದಿರು ಕಡ್ಡಿ ಸಾಕು, ಚಾಕು ಹಚ್ಚಬ್ಯಾಡ್ರಿ.

ಗದಗ_ಸಂಗ್ರಹ:
1905 ಸಾಧ್ಯವಿಲ್ಲ. ಚೆಕೊಸ್ಲೊವಾಕಿಯಾ ಹುಟ್ಟಿದ್ದೇ 1918ರ ಅಕ್ಟೋಬರ್‌ನಲ್ಲಿ. ಅದಕ್ಕೂ ಹಿಂದಿನ ಬೊಹೆಮಿಯಾ ಮಾಲಿನ ಮೇಲೆ ‘ಆಸ್ಟ್ರಿಯಾ’ ಅಂತ ಇರುತ್ತದೆ. 1905ರದ್ದೆಂದು ಹೆಚ್ಚು ಬೆಲೆ ಕೊಟ್ಟಿದ್ದರೆ ಮಾರಿದವರನ್ನು ಕೇಳಿ.

ಬಿರುಕಿನ ಕಲೆಗೆ ಮೊದಲು ಮಸಿ ಯಾವುದೆಂದು ಗೊತ್ತಾಗಬೇಕು. ಕಾಡಿಗೆ ಮಸಿ ಯಾವುದಕ್ಕೂ ಬಿಳಿಚುವುದಿಲ್ಲ, ನೀರಿಗೆ ಅಂಟು ಬಿಟ್ಟಷ್ಟೇ ಬರುತ್ತದೆ. ಅನ್ನಭೇದಿ ಹಾಕಿದ ಕಪ್ಪು ಮಸಿಯಲ್ಲಿ ಕಬ್ಬಿಣವಿದೆ. ಅದಕ್ಕೆ ಕಲೆ ಬಿಳಿಚಿಸುವ ಪೆರಾಕ್ಸೈಡ್ ಹಚ್ಚಿದರೆ ಕಂದು ಕಲೆಯಾಗಿ ಕೂರುತ್ತದೆ, ಆಮೇಲೆ ತೆಗೆಯುವುದು ಇನ್ನೂ ಕಷ್ಟ. ಕಲೆಯ ಅಂಚು ತುಕ್ಕಿನ ಬಣ್ಣದ್ದಾಗಿದ್ದರೆ ನೀರಿನ ಕೆಲಸಕ್ಕೇ ನಿಲ್ಲಿಸಿ.

ಬರೀ ನೀಲಿ, ಕೆಂಪು ಬಣ್ಣದ ಮಸಿಯಾದರೆ ಮೆಡಿಕಲ್ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ಡಿಸ್ಟಿಲ್ಡ್ ನೀರು ಬೆರೆಸಿ 3% ಮಾಡಿ. ಕೈಗವಸು ಇರಲಿ. ಬಿರುಕಿನ ಜಾಗವನ್ನು ಮೊದಲು ಬರೀ ನೀರಿನಿಂದ ತೋಯಿಸಿ. ಒಣ ಮಣ್ಣು ಕಲೆಯನ್ನು ಇನ್ನೂ ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ಪೆರಾಕ್ಸೈಡಿನ ಹತ್ತಿ ಇಟ್ಟು ಪ್ಲಾಸ್ಟಿಕ್ ಮುಚ್ಚಿ, ಒಣಗುವ ಮೊದಲೇ ಹತ್ತಿ ಬದಲಿಸಿ. ಬಂಗಾರದ ಗೆರೆಗೂ ಹಿತ್ತಾಳೆಗೂ ತಾಗಬಾರದು.

ಹಳೇಹುಬ್ಬಳ್ಳಿ:
ಅಂಚು ಕಂದೇ ಐತಿ, ನೀರಷ್ಟ ಹಾಕ್ತೀನಿ. ಮುಚ್ಚಳಕ್ಕ ಹುಣಸಿಹಣ್ಣು ಹಚ್ಚಬಹುದಾ?

ಟಾಕು_ಧಾರವಾಡ:
ಬ್ಯಾಡ್ರಿ. ಹುಳಿ ಕೆಳಗ ಇಳದ್ರ ಸೀಸದ ಮೆರುಗು ಮಂಕಾಗ್ತದ. ಕಿಲುಬು ಇದ್ದಲ್ಲಿ ಮರದ ಕಡ್ಡಿಯಿಂದ ಕೆರೆದು ಒಣ ಬಟ್ಟೆಲೆ ಒರಸ್ರಿ.