ಮಕ್ಕಳ ಆಪರೇಷನ್, ಅರಿವಳಿಕೆ: ಇವತ್ತು ಡಾಕ್ಟರನ್ನು ಕೇಳಿ

ಡಾಕ್ಟರ್: ನಮಸ್ಕಾರ. ನಾನು ಮಕ್ಕಳಿಗೆ ಅರಿವಳಿಕೆ ಕೊಡುವವಳು. ರಾತ್ರಿ 9ರಿಂದ 10ರವರೆಗೆ ಫೋನ್ ಕೈಯಲ್ಲಿರುತ್ತದೆ. ಮತ್ತಿನ ಔಷಧದಿಂದ ಆಗುವ ವಾಂತಿ, ಕಿರುಚಾಟ, ಉಸಿರಿನ ತೊಂದರೆ ಕಡಿಮೆ ಮಾಡಲು ಮನೆಯವರು ಏನು ಮಾಡಬಹುದು ಅಂತ ಕೇಳಿ. ನಿಮ್ಮ ಮಗುವನ್ನು ನಾನು ನೋಡಿಲ್ಲ. ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಮೈಸೂರು ಅಪ್ಪ: ಮಗನಿಗೆ 4 ವರ್ಷ. ಟಾನ್ಸಿಲ್ ಆಪರೇಷನ್. ಎಷ್ಟು ಹೊತ್ತು ಉಪವಾಸ ಇಡಬೇಕು?

ಡಾಕ್ಟರ್: ತಿಂಡಿ, ಊಟ, ಹಸುವಿನ ಹಾಲು, ಡಬ್ಬಿ ಹಾಲು ಎಲ್ಲಕ್ಕೂ 6 ಗಂಟೆ. ಎದೆಹಾಲಿಗೆ 4. ಬರೀ ನೀರು 2 ಗಂಟೆ ಮುಂಚಿನವರೆಗೂ ಕುಡಿಸಬಹುದು. ರಾಗಿ ಅಂಬಲಿ ನೀರಲ್ಲ, ಊಟ. ಹಾಗಂತ ರಾತ್ರಿಯಿಂದಲೇ ನೀರೂ ಕೊಡದೆ ಒಣಗಿಸಬೇಡಿ. ಬಾಯಾರಿ ಅತ್ತು ಸುಸ್ತಾದ ಮಗುವಿಗೆ ಸೂಜಿ ಹಾಕಲು ನರವೂ ಸಿಗುವುದಿಲ್ಲ.

ಶಿವಮೊಗ್ಗ ಅಮ್ಮ: ಮಗಳಿಗೆ 3 ವರ್ಷ. ಹೋದ ವರ್ಷ ಆಪರೇಷನ್ ಆಗಿ ಎಚ್ಚರವಾದಾಗ ಅರ್ಧ ಗಂಟೆ ಒದ್ದಾಡಿದಳು, ಕಿರುಚಿದಳು. ನನ್ನ ಗುರುತೇ ಸಿಗಲಿಲ್ಲ. ಈಗ ಇನ್ನೊಂದು ಆಪರೇಷನ್ ಇದೆ. ಮೆದುಳಿಗೆ ಏನಾದರೂ ಆಗಿರುತ್ತದೆಯೇ?

ಡಾಕ್ಟರ್: ನೋಡುವವರಿಗೆ ಕರುಳು ಕಿತ್ತು ಬರುತ್ತದೆ, ಗೊತ್ತು. ಮಗುವಿಗೆ ಆಮೇಲೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಸೆವೋಫ್ಲುರೇನ್ ಎಂಬ ಗ್ಯಾಸ್ ಕೊಟ್ಟಾಗ 2ರಿಂದ 5 ವರ್ಷದವರಲ್ಲಿ ಇದು ಜಾಸ್ತಿ. ಹಿಂದಿನ ಸಲ ಹೀಗಾಗಿತ್ತು ಅಂತ ಮೊದಲೇ ಹೇಳಿ. ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡೆಟೊಮಿಡಿನ್ ಎಂಬ ಮತ್ತಿನ ಔಷಧ ಬಳಸಿದರೆ ಕಡಿಮೆಯಾಗುತ್ತದೆ. ನೋವು ಸರಿಯಾಗಿ ತಡೆಯುವುದೂ ಅಷ್ಟೇ ಮುಖ್ಯ. ಇನ್ನು ಮೆದುಳಿನ ಮಾತು. 3 ವರ್ಷದೊಳಗಿನವರಿಗೆ 3 ಗಂಟೆಗಿಂತ ಹೆಚ್ಚು ಹೊತ್ತು, ಅಥವಾ ಮೇಲಿಂದ ಮೇಲೆ ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟಿತು. ನಿಮ್ಮ ಹೆದರಿಕೆಯ ಮೂಲ ಅದೇ ಇರಬೇಕು. ಆದರೆ ಎಳೆಗೂಸುಗಳಿಗೆ ಒಂದು ಗಂಟೆಯೊಳಗಿನ ಅರಿವಳಿಕೆ ಕೊಟ್ಟು, 5 ವರ್ಷದವರೆಗೆ ನೋಡಿ, 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಂಡಿಲ್ಲ.

ಅವಳಿ ಅಮ್ಮ: ಗುರುವಾರ ಆಪರೇಷನ್. ಮಗುವಿಗೆ ಕೆಮ್ಮು, ಹಳದಿ ಸಿಂಬಳ. ಹೇಳಿದರೆ ಡೇಟ್ ಮುಂದೆ ಹಾಕುತ್ತಾರೆ, ರಜೆ ಮತ್ತೆ ಸಿಗುವುದಿಲ್ಲ.

ಡಾಕ್ಟರ್: ಹೇಳಿ. ನಾಳೆಯೇ ಫೋನ್ ಮಾಡಿ ಹೇಳಿ. ನೆಗಡಿಯಾದ ಮಗುವಿನ ಗಂಟಲು ಮತ್ತಿನಲ್ಲಿ ಗಪ್ ಅಂತ ಮುಚ್ಚಿಕೊಳ್ಳಬಹುದು. ನೆಗಡಿ ವಾಸಿಯಾದ ಮೇಲೂ ಎರಡು ವಾರ ಆ ಅಪಾಯ ಜಾಸ್ತಿ. ಅರ್ಜೆಂಟ್ ಅಲ್ಲದಿದ್ದರೆ ಕಾಯುವುದೇ ಸರಿ. ಮನೆಯಲ್ಲಿ ಸಿಗರೇಟ್ ಸೇದುವವರಿದ್ದರೆ ಅದನ್ನೂ ಹೇಳಿ. ಆ ಹೊಗೆಯೂ ಇದೇ ಕೆಲಸ ಮಾಡುತ್ತದೆ.

ಹಾಸನದ ಅಜ್ಜಿ: ಫಾರ್ವರ್ಡ್ ಬಂದಿದೆ, ಎಲ್ಲರೂ ಓದಿ 🙏 ಆಪರೇಷನ್ ದಿನ ಬೆಳಗ್ಗೆ ಬಜೆಯನ್ನು ಜೇನುತುಪ್ಪದಲ್ಲಿ ತೇದು ನೆಕ್ಕಿಸಿದರೆ ಅನಸ್ತೇಶಿಯಾ ತಲೆಗೆ ಏರುವುದಿಲ್ಲ. ನೂರಕ್ಕೆ ನೂರು ಫಲ.

ಡಾಕ್ಟರ್: ಬೇಡ. ಆಪರೇಷನ್ ದಿನ, ಉಪವಾಸದ ಲೆಕ್ಕದಲ್ಲಿ ನಾನು ಹೇಳಿದ್ದು ಬಿಟ್ಟು ಬಾಯಿಗೆ ಬೇರೆ ಏನೂ ಹಾಕಬೇಡಿ. ಹೊಟ್ಟೆಯಲ್ಲಿದ್ದದ್ದು ಮತ್ತಿನಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಒಂದು ವರ್ಷದೊಳಗಿನ ಮಗುವಿಗಂತೂ ಜೇನು ಯಾವತ್ತೂ ಕೊಡಬಾರದು.

ಹಾಸನದ ಅಜ್ಜಿ: ನಾನು ಬಜೆ ತೇದು ಆರು ಮಕ್ಕಳನ್ನು ಸಾಕಿದ್ದೇನೆ.

ಮೈಸೂರು ಅಪ್ಪ: ಅಜ್ಜಿ, ಆ ಆರರಲ್ಲಿ ಎಷ್ಟು ಮಕ್ಕಳಿಗೆ ಆಪರೇಷನ್ ಆಗಿತ್ತು?

ಬಳ್ಳಾರಿ ಅಣ್ಣ: ದೊಡ್ಡವರಿಗೆ ಹೀಗೆ ಮಾತಾಡುವುದಾ? ನಮ್ಮ ಪದ್ಧತಿ ಅಂದರೆ ಎಲ್ಲರಿಗೂ ತಮಾಷೆ.

ತುಮಕೂರು ಅಮ್ಮ: ಮೇಡಂ, ನನ್ನದು ಸಣ್ಣ ಪ್ರಶ್ನೆ. ಮಗನಿಗೆ 2 ವರ್ಷ, ಸೋಮವಾರ ಹರ್ನಿಯಾ ಆಪರೇಷನ್. ನನ್ನ ಅಮ್ಮನಿಗೆ ಹಿಂದೆ ಗರ್ಭಕೋಶದ ಆಪರೇಷನ್ ಆದಾಗ ನಾಲ್ಕೈದು ಗಂಟೆ ಉಸಿರೇ ಬರಲಿಲ್ಲವಂತೆ. ಚೀಲ ಒತ್ತುತ್ತಾ ಕೂತಿದ್ದರಂತೆ. "ಎಲ್ಲಾ ಕೇಳಿಸುತ್ತಿತ್ತು, ರೆಪ್ಪೆ ಎತ್ತಲು ಆಗಲಿಲ್ಲ" ಅಂತ ಅಮ್ಮ ಈಗಲೂ ಹೇಳುತ್ತಾರೆ. ಇದನ್ನು ಡಾಕ್ಟರಿಗೆ ಹೇಳಬೇಕಾ?

ಡಾಕ್ಟರ್: ಸಣ್ಣ ಪ್ರಶ್ನೆ ಅಲ್ಲ ಇದು! ಎರಡು ವಿಷಯ ಹೇಳಿ. ನಿಮ್ಮದು ಸಂಬಂಧದಲ್ಲೇ ಮದುವೆಯಾ? ನೀವು ಆರ್ಯವೈಶ್ಯರಾ?

ತುಮಕೂರು ಅಮ್ಮ: ಎರಡೂ ಹೌದು. ಸೋದರಮಾವನನ್ನೇ ಆಗಿದ್ದೇನೆ, ಅಮ್ಮನ ಸ್ವಂತ ತಮ್ಮ.

ಬಳ್ಳಾರಿ ಅಣ್ಣ: ಈಗ ಡಾಕ್ಟರೂ ಜಾತಿ ಕೇಳಲು ಶುರು ಮಾಡಿದರು. ಚೆನ್ನಾಗಿದೆ.

ಡಾಕ್ಟರ್: ತುಮಕೂರು ಅಮ್ಮ, ನಿಧಾನವಾಗಿ ಓದಿ. ಗಂಟಲಿಗೆ ಕೊಳವೆ ಹಾಕುವಾಗ ಸ್ನಾಯು ಸಡಿಲ ಮಾಡಲು ಸಕ್ಸಿನೈಲ್‌ಕೋಲಿನ್ ಅಂತ ಒಂದು ಔಷಧ ಇದೆ. ಥಿಯೇಟರಿನಲ್ಲಿ ಸ್ಕೋಲಿನ್ ಅನ್ನುತ್ತೇವೆ. ರಕ್ತದಲ್ಲಿರುವ ಸ್ಯೂಡೋಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದು ಹಾಕುತ್ತದೆ. ಐದು ಹತ್ತು ನಿಮಿಷದಲ್ಲಿ ಉಸಿರು ತಾನೇ ಮರಳುತ್ತದೆ. ಕೆಲವರಲ್ಲಿ ಆ ಕಿಣ್ವ ಹುಟ್ಟಿನಿಂದಲೇ ಇಲ್ಲ ಅನ್ನುವಷ್ಟು ಕಡಿಮೆ. ಅವರಿಗೆ ಅದೇ ಔಷಧ ಗಂಟೆಗಟ್ಟಲೆ ನಿಲ್ಲುತ್ತದೆ. ಅಷ್ಟರಲ್ಲಿ ಮತ್ತು ಇಳಿದುಬಿಟ್ಟರೆ ಎಚ್ಚರ ಇರುತ್ತದೆ, ಮೈ ಮಾತ್ರ ಅಲುಗುವುದಿಲ್ಲ. ನಿಮ್ಮ ಅಮ್ಮನ ಮಾತು ಕೇಳಿ ನನ್ನ ಕಿವಿ ನೆಟ್ಟಗಾದದ್ದು ಅದಕ್ಕೇ.

ಇದೇ ಅಂತ ಖಚಿತವಾಗಿ ಹೇಳಲು ಆಗದು. ಇದೇ ಆಗಿದ್ದರೆ ಲೆಕ್ಕ ಹೀಗೆ: ಅಪ್ಪ ಅಮ್ಮ ಇಬ್ಬರಿಂದಲೂ ಆ ದೋಷ ಬಂದರೆ ಮಾತ್ರ ಇಷ್ಟು ತೊಂದರೆ. ಅಮ್ಮನಿಂದ ಒಂದು ನಿಮಗೆ ಬಂದೇ ಬಂದಿದೆ. ನಿಮ್ಮ ಯಜಮಾನರು ಅಮ್ಮನ ಒಡಹುಟ್ಟು, ಅವರಲ್ಲೂ ಇರಬಹುದು. ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು.

ನಾಳೆ ಹೋಗಿ ಅರಿವಳಿಕೆ ಡಾಕ್ಟರನ್ನೇ ನೋಡಿ. ಸರ್ಜನ್‌ಗೆ ಹೇಳಿದರೆ ಸಾಲದು. ಸೀರಮ್ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಮಾಡಿಸಬಹುದಾ ಕೇಳಿ. ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಬಂದವರಿಗೂ ಇದನ್ನೇ ಮಾಡುತ್ತಾರೆ, ಹಾಗಾಗಿ ದೊಡ್ಡ ಆಸ್ಪತ್ರೆಗಳ ಲ್ಯಾಬಿಗೆ ಇದು ಹೊಸದಲ್ಲ. ವರದಿ ತಡವಾದರೂ ಗಾಬರಿ ಬೇಡ. ಸ್ಕೋಲಿನ್, ಅದೇ ಕಿಣ್ವ ಒಡೆಯುವ ಮೈವಾಕ್ಯೂರಿಯಂ ಎರಡನ್ನೂ ಬಿಟ್ಟು, ಸ್ನಾಯು ಸಡಿಲ ಮಾಡುವ ಬೇರೆ ಔಷಧಗಳಾದ ಅಟ್ರಾಕ್ಯೂರಿಯಂ, ರೊಕ್ಯುರೋನಿಯಂ ಬಳಸಬಹುದು. ಎಷ್ಟೋ ಹರ್ನಿಯಾಗಳಿಗೆ ಅವೂ ಬೇಕಾಗುವುದಿಲ್ಲ. ಅಮ್ಮನ ಹಳೆಯ ಡಿಸ್ಚಾರ್ಜ್ ಕಾಗದ ಇದ್ದರೆ ಹುಡುಕಿ.

ಬಳ್ಳಾರಿ ಅಣ್ಣ: ಜಾತಿ ಯಾಕೆ ಬೇಕಿತ್ತು ಅನ್ನುವುದಕ್ಕೆ ಉತ್ತರ ಇಲ್ಲ.

ಡಾಕ್ಟರ್: ಆರ್ಯವೈಶ್ಯರಲ್ಲಿ ಈ ಕೊರತೆ ಬೇರೆಯವರಿಗಿಂತ ಜಾಸ್ತಿ ಅಂತ ದಾಖಲಾಗಿದೆ. ತಲೆಮಾರುಗಳಿಂದ ಒಳಗೊಳಗೇ ಮದುವೆಯಾದ ಯಾವ ಗುಂಪಿನಲ್ಲೂ ಇಂಥದ್ದೊಂದು ಉಳಿದುಕೊಳ್ಳುತ್ತದೆ. ನಾನು ಕೇಳಿದ್ದು ಮಗುವಿನ ಉಸಿರಿಗಾಗಿ.

ಧಾರವಾಡ ಅಮ್ಮ: ಟಾನ್ಸಿಲ್ ನೋವಿಗೆ ಮನೆಯಲ್ಲಿರುವ ಕೆಮ್ಮಿನ ಸಿರಪ್ ಕೊಡಬಹುದಾ?

ಡಾಕ್ಟರ್: ಬೇಡ. ಅದರಲ್ಲಿ ಕೋಡೀನ್ ಎಂಬ ಔಷಧ ಇದ್ದರೆ ಉಸಿರು ನಿಧಾನವಾಗುತ್ತದೆ. 12 ವರ್ಷದೊಳಗಿನವರಿಗೆ ಅದು ಕೂಡದು. ಪ್ಯಾರಾಸಿಟಮಾಲ್, ತೂಕದ ಲೆಕ್ಕದಲ್ಲಿ.

ಕೋಲಾರ ಅಪ್ಪ: ಉಪವಾಸ ಎಷ್ಟು ಗಂಟೆ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಉಡುಪಿ ಅಮ್ಮ: ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ನನಗೆ ಬೆನ್ನುನೋವು. ಏನು ಮಾಡಲಿ?

ಹಾಸನದ ಅಜ್ಜಿ: ಬಿಸಿ ಎಳ್ಳೆಣ್ಣೆ ಹಚ್ಚು ಮಗಾ.

ಮೈಸೂರು ಅಪ್ಪ: ಶುರುವಾಯ್ತು.

ಬಳ್ಳಾರಿ ಅಣ್ಣ: ನಿಮಗೇನು ತೊಂದರೆ ಸ್ವಾಮಿ? ಎಣ್ಣೆ ಹಚ್ಚಿದರೂ ಶ್ವಾಸಕೋಶಕ್ಕೆ ಇಳಿಯುತ್ತದಾ?

ಹಾವೇರಿ ಅಮ್ಮ: ಮಗಳಿಗೆ ಅರಿವಳಿಕೆ, ಬೆಳಗ್ಗೆ 8ಕ್ಕೆ. ರಾತ್ರಿ ಎಷ್ಟು ಹೊತ್ತಿಗೆ ಊಟ ನಿಲ್ಲಿಸಲಿ?

ಡಾಕ್ಟರ್: ಮೂರನೇ ಸಲ. 6 ಗಂಟೆ ಅಂದೆ. 8ರಿಂದ ಹಿಂದಕ್ಕೆ ಎಣಿಸಿ.

ತುಮಕೂರು ಅಮ್ಮ: ಮೇಡಂ, ಇದ್ದೀರಾ? ಅಮ್ಮನ ಟ್ರಂಕಿನಲ್ಲಿ ಕಾಗದ ಸಿಕ್ಕಿತು. ಅರ್ಧ ಹರಿದಿದೆ. ಕೊನೆಯಲ್ಲಿ ಪೆನ್ನಿನಲ್ಲಿ "ಸ್ಕೋಲಿನ್ ಆಪ್ನಿಯಾ" ಅಂತ ಬರೆದಿದ್ದಾರೆ. ಇಷ್ಟು ವರ್ಷ ಯಾರೂ ನಮಗೆ ಓದಿ ಹೇಳಲಿಲ್ಲ.

ಡಾಕ್ಟರ್: ಅದೇ! ಆಪ್ನಿಯಾ ಅಂದರೆ ಉಸಿರು ನಿಲ್ಲುವುದು. ಫೋಟೋ ತೆಗೆದಿಡಿ, ಮೂಲ ಕಾಗದವನ್ನೂ ನಾಳೆ ಒಯ್ಯಿರಿ. ಮಗನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ "ಸ್ಕೋಲಿನ್ ಬೇಡ" ಅಂತ ಬರೆಸಿ. ನಿಮಗೂ ಯಜಮಾನರಿಗೂ ರಕ್ತಪರೀಕ್ಷೆ ಮಾಡಿಸಿ. ಅಮ್ಮನ ಬೇರೆ ಒಡಹುಟ್ಟಿದವರಿಗೂ ಇವತ್ತೇ ಫೋನ್ ಮಾಡಿ. ನನಗೆ ಕೇಸ್ ಬಂದಿದೆ, ಹೊರಟೆ.

ಕೋಲಾರ ಅಪ್ಪ: ಮೇಡಂ, 6 ಗಂಟೆ ಅಂದರೆ ನೀರೂ ಸೇರಿಯಾ?